ಲೈಸೀನ್: ರೊಟ್ಟಿಗೆ ಬೇಳೆಯ ನೆರವು

ಮಹಾರಾಷ್ಟ್ರದಲ್ಲಿ ಗಂಗಾಪುರವೆಂಬ ಹೆಸರನ್ನು ನಾವು ಎರಡು ಕಡೆ ಕೇಳುತ್ತೇವೆ. ನಾಸಿಕದ ಬಳಿ ಗೋದಾವರಿಗೆ ಕಟ್ಟಿದ ಅಣೆಕಟ್ಟು ಒಂದು; ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಇನ್ನೊಂದು. ಆ ಸೀಮೆಯಲ್ಲಿ ಜೋಳ, ಸಜ್ಜೆಗಳ ಭಾಕರಿಗೆ ಬೇಳೆಯ ಜೊತೆಯುಂಟು. ನಮ್ಮ ಕಲಬುರಗಿ, ವಿಜಯಪುರಗಳಲ್ಲಿಯೂ ರೊಟ್ಟಿಗೆ ಬೇಳೆಯ ಜೊತೆಯುಂಟು. ಇದು ಬರಿಯ ರುಚಿಯ ಮಾತಲ್ಲ. ಇದರ ಹಿಂದೆ ಲೈಸೀನ್ ಎಂಬ ಅಮೈನೋ ಆಮ್ಲದ ಗುಣಧರ್ಮಗಳಿವೆ.

ನಮ್ಮ ಮಾಂಸಖಂಡ, ರಕ್ತ, ಚರ್ಮಗಳಲ್ಲಿರುವ ಸಸಾರಜನಕಗಳು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಸರಪಳಿಯಂತೆ ಹೆಣೆದು ಆದವು. ಇವುಗಳಲ್ಲಿ ಕೆಲವನ್ನು ದೇಹವು ತಾನೇ ತಯಾರಿಸಿಕೊಳ್ಳುತ್ತದೆ. ಲೈಸೀನನ್ನು ಮಾತ್ರ ಅದು ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. 1889ರಲ್ಲಿ ಜರ್ಮನಿಯ ಡ್ರೆಕ್ಸೆಲ್ ಎಂಬ ವಿಜ್ಞಾನಿಯು ಹಾಲಿನ ಕೇಸೀನಿನಿಂದ ಇದನ್ನು ಮೊದಲು ಬೇರ್ಪಡಿಸಿದನು.

ಲೈಸೀನಿನ ಒಂದು ಅಣುವಿನಲ್ಲಿ 6 ಇಂಗಾಲ, 14 ಜಲಜನಕ, 2 ಸಾರಜನಕ, 2 ಆಮ್ಲಜನಕದ ಪರಮಾಣುಗಳಿವೆ. ಇದರ ಅಣುತೂಕ ಸುಮಾರು 146. ಇದು ಬಿಳಿಯ ಹರಳು. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಒಣಗಿದ ಹರಳನ್ನು ಬಹಳ ಕಾಯಿಸಿದರೆ ಶುದ್ಧ ದ್ರವವಾಗದೆ ಒಡೆದುಹೋಗುತ್ತದೆ. ಹೆಸರಿನಲ್ಲಿ ‘ಆಮ್ಲ’ವೆಂದಿದ್ದರೂ ಇದರ ಸ್ವಭಾವ ಕ್ಷಾರದ್ದು. ಏಕೆಂದರೆ ಇದರಲ್ಲಿ ಆಮ್ಲದ ಗುಂಪು ಒಂದಾದರೆ, ಅಮೈನೋ ಗುಂಪುಗಳು ಎರಡು. ಆ ಎರಡನೆಯ ಅಮೈನೋ ಗುಂಪು ನಾಲ್ಕು ಇಂಗಾಲಗಳ ಬಾಲದ ತುದಿಯಲ್ಲಿದ್ದು, ದೇಹದ್ರವಗಳಲ್ಲಿ ಧನವಿದ್ಯುತ್ತನ್ನು ತಾಳುತ್ತದೆ.

ಈ ತುದಿಯ ಗುಂಪು ಸುಮ್ಮನಿರುವುದಲ್ಲ. ಹಿಟ್ಟನ್ನು ಬಿಸಿ ಮಾಡಿದಾಗ ಅದು ಸಕ್ಕರೆಯೊಡನೆ ಕೂಡಿಕೊಳ್ಳುತ್ತದೆ; ಬಿಸ್ಕತ್ತಿನ ಕಂದು ಬಣ್ಣಕ್ಕೆ ಇಂತಹ ಕ್ರಿಯೆಯೇ ಮುಖ್ಯ ಕಾರಣ. ಫ್ರಾನ್ಸಿನ ಮೇಯಾರ್ 1912ರಲ್ಲಿ ಇದನ್ನು ವಿವರಿಸಿದನು. ಹೀಗೆ ಬಂಧಿತವಾದ ಲೈಸೀನು ಬಹುಮಟ್ಟಿಗೆ ದೇಹಕ್ಕೆ ದಕ್ಕುವುದಿಲ್ಲ.

ಲೈಸೀನಿನ ಕೊರತೆಯ ಫಲವೇನು? 1914ರಲ್ಲಿ ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ ಇದನ್ನು ತೋರಿಸಿಕೊಟ್ಟರು. ಲೈಸೀನ್ ಅತ್ಯಲ್ಪವಾಗಿರುವ ಗೋಧಿಯ ಒಂದು ಸಸಾರಜನಕವನ್ನು ಮಾತ್ರ ತಿಂದ ಎಳೆಯ ಇಲಿಗಳು ಬದುಕಿದವು, ಆದರೆ ಬೆಳೆಯಲಿಲ್ಲ. ಲೈಸೀನ್ ಬೆರೆಸಿದೊಡನೆ ಮತ್ತೆ ಬೆಳೆಯತೊಡಗಿದವು.

ಈಗ ನಮ್ಮ ತಟ್ಟೆಯ ಲೆಕ್ಕವನ್ನು ನೋಡೋಣ. ಜೋಳದ 100 ಗ್ರಾಂ ಸಸಾರಜನಕದಲ್ಲಿ ಲೈಸೀನ್ ಸುಮಾರು 2 ಗ್ರಾಂ. ತೊಗರಿಯದರಲ್ಲಿ ಸುಮಾರು 7 ಗ್ರಾಂ. ವಯಸ್ಕರಿಗೆ 4.5 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳ ತಜ್ಞರು 2007ರ ವರದಿಯಲ್ಲಿ ಹೇಳಿದ್ದಾರೆ. ಎರಡರಿಂದಲೂ ಅರ್ಧರ್ಧ ಸಸಾರಜನಕ ಬಂದರೆ ಸರಾಸರಿ ಸರಿಯಾಗಿ 4.5 ಆಗುತ್ತದೆ! ಹಿಟ್ಟಿನಲ್ಲಿ ನೂರಕ್ಕೆ ಸುಮಾರು 10 ಪಾಲು, ಬೇಳೆಯಲ್ಲಿ ಸುಮಾರು 22 ಪಾಲು ಸಸಾರಜನಕವಿರುವುದರಿಂದ, ತೂಕದಲ್ಲಿ ಎರಡು ಪಾಲು ಹಿಟ್ಟಿಗೆ ಸುಮಾರು ಒಂದು ಪಾಲು ಬೇಳೆ ಸಾಕು. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವನ್ನು ತುಂಬಿಕೊಡಲು ಜೋಳವು ನೆರವಾಗುತ್ತದೆ.

ಬೇಳೆಯ ಬೆಲೆ ಏರಿದಾಗ ಸಾರು ತೆಳುವಾಗುತ್ತದೆ. ಹೊಟ್ಟೆ ರೊಟ್ಟಿಯಿಂದ ತುಂಬಿದರೂ ಮೈ ತುಂಬುವುದಿಲ್ಲ. ಆದುದರಿಂದ ಬೆಳೆಯುವ ವಯಸ್ಸಿನ ವಿದ್ಯಾರ್ಥಿಗಳಾದ ನಾವು ತಟ್ಟೆಯ ಅಂಚಿಗೆ ಬೇಳೆಯನ್ನು ಸರಿಸದೆ ಉಣ್ಣುವುದು ಒಳಿತು.