ಮರಳಿಗೆ ಬಿದ್ದ ಬಂಗಾರ, ಹುಡುಕುವ ಯಂತ್ರ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ನಮಗೆ ಸಮುದ್ರವೆಂದರೆ ಅಪರೂಪದ ಸಂಭ್ರಮ. ಗೋಕರ್ಣಕ್ಕೋ ಕಾರವಾರಕ್ಕೋ ಹೋದಾಗ ಮೈಮೇಲಿನ ಒಡವೆಯನ್ನು ತೆಗೆದಿಡದೆ ಹಾಗೇ ನೀರಿಗಿಳಿಯುವವರೇ ಹೆಚ್ಚು. ತಣ್ಣೀರಿನಲ್ಲಿ ಬೆರಳು ತುಸು ಸೊರಗಿ ಉಂಗುರ ಸಡಿಲಾಗುತ್ತದೆ. ಅಲೆ ಬಡಿದರೆ ಸರದ ಕೊಂಡಿ ಬಿಚ್ಚುತ್ತದೆ. “ಅಯ್ಯ ಎವ್ವಾ, ತಾಳಿ ಎಲ್ಲಿ ಹೋತು?” ಎಂದು ಎದೆ ಮುಟ್ಟಿಕೊಳ್ಳುವ ಹೊತ್ತಿಗೆ ಅಲೆ ಹಿಂದೆ ಸರಿದಿರುತ್ತದೆ.

ಮೊದಲು ಮಾಡಬೇಕಾದ್ದು ಒಂದೇ: ನಿಂತ ಜಾಗವನ್ನು ಗುರುತು ಹಾಕಿಕೊಳ್ಳುವುದು. ಒಂದು ತೆಂಗಿನ ಮರ, ಒಂದು ಅಂಗಡಿ, ಹೀಗೆ ಅಲುಗದ ಎರಡು ಗುರುತು ಸಾಕು. ಬಂಗಾರ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಮಾತ್ರ. ಅಲೆ ಮರಳನ್ನು ಕದಡಿದಂತೆಲ್ಲ ಒಡವೆ ಕೆಳಗಿಳಿಯುತ್ತದೆ. ಆದ್ದರಿಂದ ಮೊದಲ ಕೆಲವು ತಾಸುಗಳಿಗೇ ಬೆಲೆ ಹೆಚ್ಚು.

ಇಂಥ ಹೊತ್ತಿನಲ್ಲಿ ನೆರವಾಗುವುದು ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ. ಕೋಲಿನ ತುದಿಗೆ ಒಂದು ತಟ್ಟೆ, ಅದರೊಳಗೆ ತಾಮ್ರದ ತಂತಿಯ ಸುರುಳಿ. ಸುರುಳಿಯ ವಿದ್ಯುತ್ತಿನಿಂದ ಹತ್ತಿರದ ಲೋಹದಲ್ಲಿಯೂ ಸಣ್ಣ ಪ್ರವಾಹ ಹುಟ್ಟುತ್ತದೆ. ಅದನ್ನು ಗುರುತಿಸಿ ಯಂತ್ರ ಕೂಗುತ್ತದೆ, ಅಷ್ಟೇ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯೊಳಗಿನ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸುರುಳಿಗಳು ಉಪಕರಣವನ್ನು ದಿಕ್ಕು ತಪ್ಪಿಸಿದ್ದೂ ಅದಕ್ಕೊಂದು ಕಾರಣ. ನೀವು ಹುಡುಕುವಾಗ ಪಾಟ್ಲಿ, ಕಾಲುಂಗುರ, ಗೆಜ್ಜೆಗಳನ್ನು ಕಳಚಿಟ್ಟು, ಮೊಬೈಲನ್ನು ದೂರವಿಟ್ಟು ಬನ್ನಿ. ಗಾಜಿನ ಬಳೆ ಇದ್ದರೆ ಅಡ್ಡಿಯಿಲ್ಲ.

ಯಂತ್ರ ಸಿಕ್ಕ ಕೂಡಲೇ ಎಲ್ಲರೂ ಸೂಕ್ಷ್ಮತೆಯ ಗುಂಡಿಯನ್ನು ಕೊನೆಯವರೆಗೆ ತಿರುವುತ್ತಾರೆ. ಸಮುದ್ರದ ದಂಡೆಯಲ್ಲಿ ಇದು ನಡೆಯುವುದಿಲ್ಲ. ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಯಬಿಡುವುದರಿಂದ ಒದ್ದೆ ಮರಳನ್ನೇ ಯಂತ್ರ ಲೋಹವೆಂದು ತಿಳಿದು ಕಿರಿಚುತ್ತಿರುತ್ತದೆ. ಗದ್ದಲ ನಿಲ್ಲುವವರೆಗೆ ಗುಂಡಿಯನ್ನು ಹಿಂದಕ್ಕೆ ತಿರುವಿ. ‘ಬೀಚ್’ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ನೆಲಕ್ಕೆ ಹೊಂದಿಸುವ ಗುಂಡಿ ಬೇರೆಯಾಗಿದ್ದರೆ, ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಒಂದು ಅಡಿ ಎತ್ತರದಿಂದ ನೆಲದ ಸಮೀಪಕ್ಕೆ ಏರಿಸಿ ಇಳಿಸುತ್ತ, ಸದ್ದು ಒಂದೇ ಸಮನಾಗುವವರೆಗೆ ಹೊಂದಿಸಿ. ಒಣ ಮರಳಿನಿಂದ ಒದ್ದೆ ಮರಳಿಗೆ ಹೋದಾಗ ಈ ಕೆಲಸವನ್ನು ಮತ್ತೆ ಮಾಡಬೇಕು.

ಇನ್ನೊಂದು ಗುಂಡಿ ಬೇಡದ ಲೋಹವನ್ನು ಬಿಟ್ಟುಬಿಡುವುದಕ್ಕೆ. ನಿಜವಾದ ಅಪಾಯ ಇರುವುದು ಇದರಲ್ಲೇ. ಸಿಗರೇಟಿನ ಬೇಗಡೆ, ಡಬ್ಬಿಯ ಮುಚ್ಚಳ ಬೇಡವೆಂದು ಅದನ್ನು ಏರಿಸಿದರೆ ತೆಳು ಉಂಗುರವೂ ಅದರ ಜೊತೆಗೇ ಹೋಗುತ್ತದೆ, ಏಕೆಂದರೆ ಯಂತ್ರದ ಕಿವಿಗೆ ಬೇಗಡೆಯೂ ತೆಳು ಬಂಗಾರವೂ ಹೆಚ್ಚುಕಡಿಮೆ ಒಂದೇ. ಬಂಗಾರ ಬೇಕಿದ್ದರೆ ಕಸವನ್ನೂ ಅಗೆಯಬೇಕು, ಬೇರೆ ದಾರಿಯಿಲ್ಲ. ಕಳೆದದ್ದನ್ನೇ ಹೋಲುವ ಇನ್ನೊಂದು ಉಂಗುರಕ್ಕೆ ದಾರ ಕಟ್ಟಿ ನಾಲ್ಕು ಬೆರಳು ಆಳದಲ್ಲಿ ಹೂತು, ಅದು ಹೇಗೆ ಕೂಗುತ್ತದೆಂದು ಮೊದಲೇ ಕೇಳಿಕೊಳ್ಳಿ. ದಾರ ಕಟ್ಟುವುದನ್ನು ಮಾತ್ರ ಮರೆಯಬೇಡಿ, ಅದೂ ಹೋದರೆ ಮನೆಯಲ್ಲಿ ಏನು ಹೇಳುತ್ತೀರಿ?

ಒಡವೆಯ ಬಗೆಯೂ ಮುಖ್ಯ. ಉಂಗುರ, ಪಾಟ್ಲಿ ಇಡೀ ಸುತ್ತು ಇರುವುದರಿಂದ ಚೆನ್ನಾಗಿ ಕೂಗುತ್ತವೆ. ಸಣ್ಣ ಕೊಂಡಿಗಳ ಸರದಲ್ಲಿ ಪ್ರತಿ ಕೊಂಡಿಯೂ ಬೇರೆಬೇರೆಯಾಗಿ ಕಾಣುವುದರಿಂದ, ಎಷ್ಟೇ ತೂಕವಿದ್ದರೂ ಸದ್ದು ಕ್ಷೀಣ. ಬೋರಮಾಳದ ಪಾಡೂ ಅದೇ. ಕರಿಮಣಿಯಂತೂ ಗಾಜು, ಕೂಗುವುದೇ ಇಲ್ಲ. ತಾಳಿಯ ಬಟ್ಟಲು ಕೂಗಿದರೆ ಕೂಗೀತು.

ತಟ್ಟೆಯನ್ನು ನೆಲಕ್ಕೆ ಎರಡು ಬೆರಳು ಎತ್ತರದಲ್ಲಿ ಸಮನಾಗಿ ಆಡಿಸಿ. ಕಸ ಹೊಡೆಯುವಾಗ ಪೊರಕೆಯ ತುದಿ ಎತ್ತುವಂತೆ ಕೊನೆಗೆ ಎತ್ತಬಾರದು. ನೆಲ ಸಾರಿಸುವಾಗ ಒಂದು ಪಟ್ಟಿಯ ಮೇಲೆ ಇನ್ನೊಂದು ತುಸು ಬರುವಂತೆ ಮಾಡುತ್ತೇವಲ್ಲ, ಹಾಗೇ ನಿಧಾನವಾಗಿ.

ಕಳೆ ತೆಗೆಯುವಾಗ ಹೊಲದಲ್ಲಿ ಬಿದ್ದ ಬೆಂಡೋಲೆಗೂ ಇದೇ ಕ್ರಮ. ಎರೆ ಭೂಮಿ ಬಿರಿದಿದ್ದರೆ ಒಡವೆ ಬಿರುಕಿಗೆ ಇಳಿದಿರುತ್ತದೆ, ತಟ್ಟೆಯನ್ನು ಬಿರುಕಿನ ಉದ್ದಕ್ಕೇ ಆಡಿಸಿ. ಕೆಂಪು ನೆಲದಲ್ಲಿ ಕಬ್ಬಿಣದ ಅಂಶವಿರುವುದರಿಂದ ಮತ್ತೆ ಹೊಂದಿಸಬೇಕು.

ನಮ್ಮ ಕಡೆ ಈ ಯಂತ್ರದ ಹೆಸರು ಕೇಳಿದರೆ ಮೊದಲು ನೆನಪಾಗುವುದು ನಿಧಿ. 1824ರಲ್ಲಿ ಇಂಗ್ಲಿಷರು ಕಿತ್ತೂರಿನ ಖಜಾನೆಯ ಮೇಲೆ ಕಣ್ಣಿಟ್ಟರು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಆ ಸಂಸ್ಥಾನದ ಬಂಗಾರ ಇನ್ನೂ ನೆಲದಾಗ ಐತಿ ಎನ್ನುವ ಮಾತನ್ನು ನಂಬಿಸಿ ದುಡ್ಡು ಕೀಳುವುದು ಸುಲಭ. “ನಿಮ್ಮ ಹಿತ್ತಲದಾಗ ಕೊಪ್ಪರಿಗಿ ಐತ್ರಿ, ಯಂತ್ರ ತೋರಿಸಾಕತ್ತೈತಿ” ಎಂದು ಯಾರಾದರೂ ಬಂದರೆ ನಿಮ್ಮ ಕಿವಿಯೋಲೆಯನ್ನು ಒಂದು ಗೇಣು ಆಳ ಹೂತು, ಹತ್ತು ಹೆಜ್ಜೆ ದೂರದಿಂದ ತೋರಿಸಲಿಕ್ಕೆ ಹೇಳಿ. ದೂರದಿಂದ ಬಂಗಾರದ ಕಡೆಗೆ ತಿರುಗುವ ಕೋಲು ಎಂಬುದೊಂದು ಇಲ್ಲವೇ ಇಲ್ಲ. ಒಳ್ಳೆಯ ಯಂತ್ರಕ್ಕೂ ಉಂಗುರ ಒಂದು ಗೇಣು ಆಳಕ್ಕಿಂತ ಬಹಳ ಕೆಳಗಿದ್ದರೆ ಕಾಣುವುದು ಕಷ್ಟ.

ನಿಧಿಗಾಗಿ ಮಾಟಮಂತ್ರ ಮಾಡಿಸುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯಂತೆ ಅಪರಾಧ. ರಕ್ಷಿತ ಕೋಟೆ, ಗುಡಿಗಳಲ್ಲಿ ಅಗೆಯುವುದೂ ಅಪರಾಧವೇ. ಅಡಿಪಾಯ ತೋಡುವಾಗ ಹಳೆಯ ನಾಣ್ಯವೋ ಒಡವೆಯೋ ನಿಜವಾಗಿ ಸಿಕ್ಕರೆ ಕರಗಿಸಲು ಅಕ್ಕಸಾಲಿಗನ ಹತ್ತಿರ ಒಯ್ಯಬೇಡಿ. ಸಿಕ್ಕ ಜಾಗ, ದಿನ, ಏನೇನು ಎಂಬುದನ್ನು ಬರೆದು ತಹಸೀಲ್ದಾರರ ಕಚೇರಿಗೋ ಪೊಲೀಸ್ ಠಾಣೆಗೋ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಇಸಕೊಳ್ಳಿ.