ಹತ್ತು ಲಾರಿ ಕಬ್ಬು, ದುಬೈನ ಒಂದು ಬೀಗದ ಕೈ

ವಿದೇಶದ ನೌಕರಿ ಪತ್ರ ಬಂದ ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ತಿಂಗಳಿಗೆ 8,000 ದಿರ್ಹಮ್, ದಿರ್ಹಮ್‌ಗೆ 24 ರೂಪಾಯಿ, ಅಲ್ಲಿಗೆ 1 ಲಕ್ಷದ 92 ಸಾವಿರ. ಪಾಂಡವಪುರವಾಗಲಿ ನಾಗಮಂಗಲವಾಗಲಿ, ಸಂಜೆಯೊಳಗೆ ಈ ಅಂಕಿ ಬೀದಿ ಸುತ್ತಿ ಬಂದಿರುತ್ತದೆ. ಸ್ವಲ್ಪ ತಿಳಿದವರು ‘ಅಲ್ಲಿ ಬಾಡಿಗೆ ಎಷ್ಟಂತೆ?’ ಎಂದು ಕೇಳುತ್ತಾರೆ. ಕೇಳಬೇಕಾದ್ದು ಅದಲ್ಲ. ಬಾಡಿಗೆ ಹೇಗೋ ಸಂಬಳದಲ್ಲಿ ಕಳೆಯುತ್ತದೆ. ಮೊದಲ ಸಂಬಳ ಬರುವುದಕ್ಕೂ ಮುಂಚೆ, ಬೀಗದ ಕೈ ಕೊಡುವ ಹೊತ್ತಿಗೆ ಎಣಿಸಿಕೊಡಬೇಕಾದ ದುಡ್ಡು ಎಷ್ಟು, ಅದು ಎಲ್ಲಿಂದ ಬರುತ್ತದೆ? ಬರುವುದು ಊರಿನಿಂದಲೇ. ಆದ್ದರಿಂದ ಊರಿನ ಅಳತೆಯಲ್ಲೇ ಅಳೆದು ನೋಡೋಣ.

ಅಳತೆಗೋಲು ಕಬ್ಬು. 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಶೇ 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ 3,290 ರೂಪಾಯಿ 50 ಪೈಸೆ. ಎಚ್ಚರಿಕೆಗೆ ಈ ಕೆಳಗಿನ ದರವನ್ನೇ ಹಿಡಿಯುತ್ತೇನೆ. ಅದೂ ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಣೆಯ ಕೂಲಿ ಅದರಲ್ಲೇ ಮುರಿಯುತ್ತದೆ. ಹಾಗಾಗಿ ಮುಂದೆ ಬರುವ ಟನ್ನುಗಳನ್ನೆಲ್ಲ ಕನಿಷ್ಠ ಎಂದೇ ಓದಿಕೊಳ್ಳಬೇಕು. ಎಕರೆಗೆ 40 ಟನ್, ಲಾರಿಗೆ 17 ಟನ್ ಎಂದು ಇಟ್ಟುಕೊಳ್ಳುತ್ತೇನೆ. ಲೆಕ್ಕ ಸಲೀಸಾಗಲೆಂದು ಯೂರೋಗೆ 100, ಪೌಂಡ್‌ಗೆ 115 ರೂಪಾಯಿ. ಬಾಡಿಗೆಗಳೂ ಉದಾಹರಣೆಗೆ ಹಿಡಿದವು. ಆದರೆ ಎಷ್ಟು ಪಟ್ಟು ಕೊಡಬೇಕು ಎಂಬುದು ಆಯಾ ದೇಶದ ಕಾಯ್ದೆ ಅಥವಾ ರೂಢಿ.

ದುಬೈನಿಂದ ಶುರುಮಾಡೋಣ. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಚೆಕ್ಕಿನ ಲೆಕ್ಕದಲ್ಲಿ ವಸೂಲು ಮಾಡುತ್ತಾರೆ. ಒಂದು ಮಲಗುವ ಕೋಣೆಯ ಮನೆಗೆ ವರ್ಷಕ್ಕೆ 60,000 ದಿರ್ಹಮ್ ಎನ್ನೋಣ. ‘ನಾಲ್ಕು ಚೆಕ್’ ಎಂದರೆ ಮೂರು ತಿಂಗಳಿಗೊಂದರಂತೆ ಮುಂದಿನ ತಾರೀಖು ಬರೆದ ನಾಲ್ಕು ಚೆಕ್ಕುಗಳನ್ನು ಮೊದಲ ದಿನವೇ ಸಹಿ ಮಾಡಿ ಕೊಡುವುದು. ಮೊದಲನೆಯದು, 15,000 ದಿರ್ಹಮ್‌ನದು, ಕೂಡಲೇ ಬ್ಯಾಂಕಿಗೆ ಹೋಗುತ್ತದೆ. ಅದರ ಮೇಲೆ ಶೇ 5 ಠೇವಣಿ 3,000 (ಮಂಚ, ಸೋಫಾ ಇದ್ದ ಮನೆಯಾದರೆ ಶೇ 10). ಬ್ರೋಕರ್‌ಗೆ ಸಾಮಾನ್ಯವಾಗಿ ಶೇ 5, ತೆರಿಗೆ ಸೇರಿ 3,150. ಕರಾರನ್ನು ‘ಇಜಾರಿ’ ವ್ಯವಸ್ಥೆಯಲ್ಲಿ ನೋಂದಾಯಿಸಲು ಸುಮಾರು 220. ವಿದ್ಯುತ್ತು, ನೀರಿನ ಸಂಸ್ಥೆಯಾದ ದೇವಾಗೆ ಅಪಾರ್ಟ್‌ಮೆಂಟ್ ಠೇವಣಿ 2,000. ಕೂಡಿದರೆ 23,370 ದಿರ್ಹಮ್. ನಮ್ಮ ದುಡ್ಡಿನಲ್ಲಿ 5,60,880 ರೂಪಾಯಿ.

ಕಬ್ಬಿನಲ್ಲಿ 170 ಟನ್. ಹತ್ತು ಲಾರಿ. ನಾಲ್ಕೂಕಾಲು ಎಕರೆಯ ಒಂದು ವರ್ಷದ ಪೂರ್ತಿ ಬೆಳೆ. ಮಂಡ್ಯ ಜಿಲ್ಲೆಯ ಬಹುಪಾಲು ಹಿಡುವಳಿಗಳು ಎರಡೂವರೆ ಎಕರೆಗಿಂತ ಸಣ್ಣವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಾಲೀಕ ‘ಒಂದೇ ಚೆಕ್ ಕೊಟ್ಟರೆ ಬಾಡಿಗೆ ಸ್ವಲ್ಪ ಇಳಿಸುತ್ತೇನೆ’ ಎಂದನೆನ್ನಿ. ಆಸೆಗೆ ಬಿದ್ದರೆ ಇಳಿಸುವ ಮೊದಲಿನ ಲೆಕ್ಕ ಹತ್ತಿರ ಹತ್ತಿರ 500 ಟನ್. ಇಷ್ಟಾದ ಮೇಲೂ ಒಂದು ಬಾಕಿ ಇದೆ: ವರ್ಷದ ಬಾಡಿಗೆಯ ಶೇ 5ರಷ್ಟು ಪಾಲಿಕೆಯ ವಸತಿ ಶುಲ್ಕ ತಿಂಗಳ ಕರೆಂಟ್ ಬಿಲ್ಲಿನೊಳಗೆ ಸೇರಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 250 ದಿರ್ಹಮ್. ಮೊದಲ ಬಿಲ್ ನೋಡಿದವರು ಮೀಟರ್ ಕೆಟ್ಟಿದೆ ಎಂದುಕೊಳ್ಳುವುದು ಇದರಿಂದಲೇ.

ದುಡ್ಡು ಹೊಂದಿಸಿದರೂ ಮೊದಲ ವಾರ ಮನೆ ಸಿಗುವುದಿಲ್ಲ. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಗುರುತಿನ ಚೀಟಿ ಬೇಕು, ಚೀಟಿಗೆ ವೈದ್ಯಕೀಯ ತಪಾಸಣೆ ಮುಗಿದು ವಾಸದ ವೀಸಾ ಮಂಜೂರಾಗಬೇಕು. ಅಲ್ಲಿಯವರೆಗೆ ನಗರದ ದೇರಾ, ಕರಾಮಾ ಬಡಾವಣೆಗಳ ಕಡೆ ‘ಬೆಡ್ ಸ್ಪೇಸ್’: ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಮಂಚದ ಬಾಡಿಗೆ.

ಜಾಗದ ಅಳತೆಗೂ ಕಾನೂನಿದೆ. ಯುಎಇಯಲ್ಲಿ ಕಂಪನಿ ಕೊಡುವ ಕಾರ್ಮಿಕ ವಸತಿಯಲ್ಲಿ ತಲೆಗೆ ಕನಿಷ್ಠ 3 ಚದರ ಮೀಟರ್, ಅಂದರೆ 32 ಚದರ ಅಡಿ. ಆರು ಅಡಿ ಉದ್ದ, ಮೂರಡಿ ಅಗಲದ ಚಾಪೆಗೇ 18 ಹೋಯಿತು. ಉಳಿದ 14ರಲ್ಲಿ ಪೆಟ್ಟಿಗೆ, ಚಪ್ಪಲಿ, ನಿಲ್ಲುವ ಮನುಷ್ಯ. ಇಂಗ್ಲೆಂಡಿನಲ್ಲಿ ಹಲವರು ಹಂಚಿಕೊಂಡು ಇರುವ ಪರವಾನಗಿ ಮನೆಗಳಿಗೆ 2018ರಿಂದ ಒಬ್ಬ ವಯಸ್ಕನ ಮಲಗುವ ಕೋಣೆ 6.51 ಚದರ ಮೀಟರ್‌ಗಿಂತ ಚಿಕ್ಕದಿರಬಾರದು, ಇಬ್ಬರಿಗಾದರೆ 10.22. ಒಬ್ಬನ ಕೋಣೆ 70 ಚದರ ಅಡಿ. ದೇಶ ಬದಲಾದರೆ ಮನುಷ್ಯನ ಕನಿಷ್ಠ ಅಳತೆಯೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಒಂದೇ ಸೂರಿನಡಿ ಹಲವರು ಎಂಬ ಲೆಕ್ಕ ಮಂಡ್ಯ ಸೀಮೆಗೆ ಹೊಸದೇನಲ್ಲ. ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಶಹರ್ ಗಂಜಾಂ ಕಟ್ಟಿಸಿ, ಅಲ್ಲಿ ಕೆಲಸಗಾರರು ಬೇಕೆಂದು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಸಮೀಕ್ಷೆಗೆಂದು ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಕೋಟೆಯೊಳಗೆ 4,163 ಮನೆ, 5,499 ಕುಟುಂಬ, ಗಂಜಾಂನಲ್ಲಿ 2,216 ಮನೆ, 3,335 ಕುಟುಂಬ ಎಂದು ದಾಖಲಿಸಿದ. ಭಾಗಿಸಿ ನೋಡಿ: ಕೋಟೆಯಲ್ಲಿ ಮನೆಗೆ 1.3 ಕುಟುಂಬ, ಗಂಜಾಂನಲ್ಲಿ 1.5. ಮನೆಗೆ ಐದು ಜನರಂತೆ ಹಿಡಿದು ಅವನು ಬರೆದುಕೊಂಡ ಜನಸಂಖ್ಯೆ 31,895. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರು ಎಂಬ ಅಂದಾಜನ್ನೂ ಅವನೇ ಕೊಡುತ್ತಾನೆ. ಐದರಲ್ಲಿ ನಾಲ್ಕು ಪಾಲು ಜನ ಹೋದ ಮೇಲೂ ಗಂಜಾಂನ ಎರಡು ಮನೆಗಳಲ್ಲಿ ಮೂರು ಕುಟುಂಬಗಳಿದ್ದವು! ಅದೇ ಹೊತ್ತಿನಲ್ಲಿ ಕೆಲಸದ ಮೇಲೆ ಪರದೇಶದಿಂದ ಬಂದಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಟಿಪ್ಪುವಿನ ಅರಮನೆ ದರಿಯಾ ದೌಲತ್ ಬಾಗ್ ಬಿಡಾರವಾಗಿತ್ತು. ಅಡ್ವಾನ್ಸ್ ಕೊಟ್ಟ ದಾಖಲೆಯೇನೂ ಇಲ್ಲ.

ಕೆ.ಆರ್. ಪೇಟೆಯವರಿಗೆ ಬಹುಕಾಲದಿಂದ ‘ಪರದೇಶ’ ಎಂದರೆ ಮುಂಬೈ. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಎಷ್ಟು ಜನ ಅಲ್ಲಿದ್ದಾರೆಂಬುದು ರಾಜ್ಯಕ್ಕೆಲ್ಲ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ ಅವರು ಊರಿಗೆ ಮರಳಿ ಮಂಡ್ಯದ ಕೋವಿಡ್ ಪಟ್ಟಿ ದಿಢೀರನೆ ಬೆಳೆದಾಗ. ಮುಂಬೈಗೆ ಹೋಗುವ ಹುಡುಗ ಅಡ್ವಾನ್ಸ್ ಹೊಂದಿಸಿಕೊಂಡು ಹೋಗುವವನಲ್ಲ. ಊರಿನವರ ಖೋಲಿಗೆ ಹೋಗಿ ಬ್ಯಾಗ್ ಇಡುತ್ತಾನೆ, ತನ್ನ ಪಾಲಿನ ಬಾಡಿಗೆ ಕೊಡುತ್ತಾನೆ. ಅಲ್ಲಿ ಠೇವಣಿಯ ಜಾಗದಲ್ಲಿರುವುದು ನೆಂಟಸ್ತಿಕೆ. ಸಮುದ್ರ ದಾಟಿದವನಿಗೆ ತೊಡಕಾಗುವುದು ಇದೇ: ಡಬ್ಲಿನ್‌ನಲ್ಲೋ ಲೀಡ್ಸ್‌ನಲ್ಲೋ ಊರಿನವರ ಖೋಲಿ ಇಲ್ಲ. ನೆಂಟಸ್ತಿಕೆ ಕೊಡುತ್ತಿದ್ದ ಭರವಸೆಯನ್ನು ಅಲ್ಲಿ ನಗದಿನಲ್ಲಿ ಕೊಳ್ಳಬೇಕು.

ಕೊಳ್ಳುವ ಬೆಲೆ ದೇಶದಿಂದ ದೇಶಕ್ಕೆ ಬೇರೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿವೆ. ಅಂಥಲ್ಲಿ ಕಲಿತ ಒಬ್ಬ ನರ್ಸ್ ಐರ್ಲೆಂಡಿಗೆ ಹೊರಟಳೆನ್ನಿ. 2021ರ ಕಾಯ್ದೆಯಂತೆ ಅಲ್ಲಿ ಮಾಲೀಕ ಮುಂಗಡವಾಗಿ ಕೇಳಬಹುದಾದ್ದು ಒಂದು ತಿಂಗಳ ಬಾಡಿಗೆ, ಠೇವಣಿಯಾಗಿ ಇನ್ನೊಂದು ತಿಂಗಳದ್ದು, ಅಷ್ಟೇ. ಬಾಡಿಗೆ 1,800 ಯೂರೋ ಆದರೆ 3,600. ನಮ್ಮಲ್ಲಿ 3,60,000 ರೂಪಾಯಿ, 109 ಟನ್ ಕಬ್ಬು. ನಾಗಮಂಗಲ ಬಹುಮಟ್ಟಿಗೆ ಮಳೆಯಾಶ್ರಿತ ಸೀಮೆ, ಅಲ್ಲಿ ಕಬ್ಬಿಗಿಂತ ರಾಗಿಯ ಲೆಕ್ಕವೇ ನ್ಯಾಯ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886. ಅಲ್ಲಿಗೆ 74 ಕ್ವಿಂಟಲ್ ರಾಗಿ. ಎಕರೆಗೆ 8 ಕ್ವಿಂಟಲ್ ಬಂದರೂ ಒಂಬತ್ತು ಎಕರೆ ಹೊಲ. ಆಸ್ಪತ್ರೆಯವರು ಮೊದಲ ಕೆಲವು ವಾರ ವಸತಿ ಕೊಡುವುದುಂಟು. ಹೆಚ್ಚು ಸಂಬಳದ ಆಫರ್‌ಗಿಂತ ಆ ವಸತಿ ಇರುವ ಆಫರನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಒಂಬತ್ತು ಎಕರೆ ರಾಗಿಯನ್ನು ಕೆಲವು ವಾರ ಮುಂದೂಡುವ ಶಕ್ತಿ ಅದಕ್ಕಿದೆ.

ಇಂಗ್ಲೆಂಡಿನಲ್ಲೂ ಕಾಯ್ದೆ ಬಿಗಿ. 2019ರ ಜೂನ್‌ನಿಂದ ಠೇವಣಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಬಾಡಿಗೆದಾರನಿಂದ ಏಜೆಂಟ್ ಕಮಿಷನ್ ಕೀಳುವಂತಿಲ್ಲ. ತಿಂಗಳಿಗೆ 1,200 ಪೌಂಡ್ ಬಾಡಿಗೆಗೆ ಠೇವಣಿ 1,385, ಮೊದಲ ತಿಂಗಳು 1,200. ಒಟ್ಟು 2,585 ಪೌಂಡ್, ಅಂದರೆ 2,97,275 ರೂಪಾಯಿ, 90 ಟನ್. ಕಾಗದದ ಮೇಲೆ ಇಷ್ಟೇ. ಆದರೆ ಏಜೆಂಟರು ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇದೆಯೇ ನೋಡುತ್ತಾರೆ. 1,200ಕ್ಕೆ 36,000 ಪೌಂಡ್ ಸಂಬಳ ಬೇಕು. ಸರ್ಕಾರಿ ಆಸ್ಪತ್ರೆಯ ಬ್ಯಾಂಡ್ 5 ನರ್ಸ್‌ಗೆ 2025-26ರಲ್ಲಿ ಆರಂಭದ ಸಂಬಳ 31,049. ಅವಳೊಬ್ಬಳ ಸಂಬಳಕ್ಕೆ ದಕ್ಕುವ ಬಾಡಿಗೆ 1,035 ಪೌಂಡ್. ಮೀರಿದರೆ ಅಲ್ಲೇ ನೆಲೆಸಿದ ಜಾಮೀನುದಾರ ಬೇಕು, ಇಲ್ಲವೇ ಆರು ತಿಂಗಳ ಬಾಡಿಗೆ ಮುಂಗಡ ಎನ್ನುವುದು ಹೊಸಬರಿಗೆ ಎದುರಾಗುತ್ತಿದ್ದ ಮಾತು. ಹಾಗೆ ಕೊಟ್ಟರೆ ಒಟ್ಟು 8,585 ಪೌಂಡ್, ಅಂದರೆ 9,87,275 ರೂಪಾಯಿ, ಸರಿಯಾಗಿ 300 ಟನ್. 2025ರ ಬಾಡಿಗೆದಾರರ ಹಕ್ಕು ಕಾಯ್ದೆ ಇದಕ್ಕೇ ಕತ್ತರಿ ಹಾಕಿದೆ: 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಒಂದು ಕಾಯ್ದೆಯಿಂದ 210 ಟನ್ ಉಳಿತಾಯ.

ಜರ್ಮನಿಯ ಲೆಕ್ಕ ಬೇರೆಯೇ. ಅಲ್ಲಿ ಎರಡು ಬಾಡಿಗೆ ಹೇಳುತ್ತಾರೆ: ಬರೀ ಗೋಡೆಯ ಬಾಡಿಗೆ, ಮತ್ತು ಮನೆ ಬಿಸಿ ಮಾಡುವ ಖರ್ಚು, ನೀರು, ಕಸ ಎಲ್ಲ ಸೇರಿದ ಬಾಡಿಗೆ. 900 ಮತ್ತು 1,150 ಯೂರೋ ಎನ್ನೋಣ. ಠೇವಣಿ ಬರೀ ಗೋಡೆಯ ಬಾಡಿಗೆಯ ಮೂರು ಪಟ್ಟಿನವರೆಗೆ, 2,700. ಗಾಬರಿಯಾಗುವ ಮೊತ್ತ. ಆದರೆ ಅದನ್ನು ಮೂರು ಮಾಸಿಕ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಸಿವಿಲ್ ಸಂಹಿತೆಯಲ್ಲೇ ಇದೆ. ಹಾಗಾಗಿ ಮೊದಲ ಕಂತು, ಮೊದಲ ತಿಂಗಳ ಬಾಡಿಗೆ ಸೇರಿ 2,050 ಯೂರೋ, 2,05,000 ರೂಪಾಯಿ, 62 ಟನ್. ಬೆಂಗಳೂರಿನ ವಿಜಯನಗರದಲ್ಲಿ 20,000 ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟರೆ 61 ಟನ್! ಬರ್ಲಿನ್‌ಗೆ ಮಗನನ್ನು ಕಳಿಸಲು ಹೆದರುವ ಅಪ್ಪ ಬೆಂಗಳೂರಿಗೆ ಕಳಿಸುವಾಗ ಅಷ್ಟನ್ನೇ ಮರುಮಾತಾಡದೆ ತೆತ್ತಿರುತ್ತಾನೆ. ಒಂದು ಎಚ್ಚರಿಕೆ: ಜರ್ಮನಿಯ ಎಷ್ಟೋ ಮನೆಗಳಲ್ಲಿ ಅಡಿಗೆ ಕಟ್ಟೆ, ಒಲೆ, ಸಿಂಕ್ ಇರುವುದಿಲ್ಲ, ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಜಾಹೀರಾತಿನಲ್ಲಿ ಅಡಿಗೆಮನೆ ಇದೆ ಎಂದು ಬರೆದಿದೆಯೇ ನೋಡಬೇಕು.

ಅಮೆರಿಕದ ಮಟ್ಟಿಗೆ ಎರಡೇ ಅಂಕಿ ಸಾಕು. ನ್ಯೂಯಾರ್ಕ್‌ನಲ್ಲಿ ಠೇವಣಿ ಒಂದು ತಿಂಗಳಿಗೆ ಮಿತಿ, ಆದರೆ ವಾರ್ಷಿಕ ಸಂಬಳ ಬಾಡಿಗೆಯ 40 ಪಟ್ಟು ಇರಬೇಕೆಂಬುದು ಮಾಲೀಕರ ರೂಢಿ. ಕ್ಯಾಲಿಫೋರ್ನಿಯಾದಲ್ಲಿಯೂ 2024ರ ಜುಲೈನಿಂದ ಬಹುಪಾಲು ಮಾಲೀಕರಿಗೆ ಒಂದು ತಿಂಗಳೇ ಮಿತಿ.

ಇನ್ನು ಈ ದುಡ್ಡು ಊರಿನಿಂದ ಹೊರಡುವ ದಾರಿ ನೋಡೋಣ. ಕಬ್ಬು ಒಪ್ಪಿಸಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನವನ್ನು ನಂಬಿ ವಿಮಾನದ ಟಿಕೆಟ್ ತೆಗೆಸಿದ ರೈತ ನನಗಂತೂ ಗೊತ್ತಿಲ್ಲ. ಆದ್ದರಿಂದ ಒಡವೆ ಬ್ಯಾಂಕಿಗೆ ಹೋಗುತ್ತದೆ. 2026ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಚಿನ್ನದ ಬೆಲೆಯ ಮೇಲೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಶೇ 85, ಐದು ಲಕ್ಷದವರೆಗೆ ಶೇ 80, ಅದಕ್ಕೆ ಮೇಲ್ಪಟ್ಟರೆ ಶೇ 75. ಇಂಗ್ಲೆಂಡಿನ 2.97 ಲಕ್ಷಕ್ಕೆ 3.72 ಲಕ್ಷದ ಒಡವೆ ಸಾಕು. ದುಬೈನ 5.61 ಲಕ್ಷಕ್ಕೆ 7.48 ಲಕ್ಷದ್ದು ಬೇಕು. ಕಳಿಸುವಾಗ, ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದವರೆಗೆ ಮೂಲದಲ್ಲಿ ತೆರಿಗೆ ವಸೂಲಿ ಇಲ್ಲ. ಅದರ ಮೇಲೆ ಹೋದರೆ ಮೇಲಿನ ಮೊತ್ತಕ್ಕೆ ಶೇ 20 ಹಿಡಿಯುತ್ತಾರೆ. ಕೈಯಲ್ಲಿ ನೋಟಾಗಿ ಒಯ್ಯುವುದಾದರೆ 3,000 ಡಾಲರ್ ಮಿತಿ.

ಹತ್ತನೇ ತರಗತಿ ದಾಟದೆ ಗಲ್ಫ್‌ಗೆ ಹೊರಟವರಿಗೆ, ಸಾಮಾನ್ಯವಾಗಿ ವಸತಿ ಕಂಪನಿಯದೇ ಆದ್ದರಿಂದ, ಈ ಠೇವಣಿಯ ತಲೆನೋವಿಲ್ಲ. ಅವರು ನೋಡಬೇಕಾದ್ದು ಕರಾರಿನಲ್ಲಿ ವಸತಿ ಉಚಿತ ಎಂದು ಬರೆದಿದೆಯೇ, ಭತ್ಯೆ ಎಂದಿದ್ದರೆ ಎಷ್ಟು ಎಂದು. ನೋಂದಾಯಿತ ಏಜೆಂಟ್ ಅವರಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿ ‘ರೂಮಿನ ಅಡ್ವಾನ್ಸ್’ ಎಂದು ಸಬೂಬು ಹೇಳುವವನಿಗೆ ಒಂದು ಟನ್ನನ್ನೂ ಕೊಡಬೇಕಾದ್ದಿಲ್ಲ.

ಕೊಟ್ಟ ಠೇವಣಿ ಮರಳಿ ಬರುವ ಲೆಕ್ಕವೂ ಇದೆ. ಇಂಗ್ಲೆಂಡಿನಲ್ಲಿ ಮಾಲೀಕ 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ಠೇವಣಿ ರಕ್ಷಣಾ ಯೋಜನೆಗೆ ಒಳಪಡಿಸಬೇಕು, ತಪ್ಪಿದರೆ ಒಂದರಿಂದ ಮೂರು ಪಟ್ಟು ದಂಡ. ಜರ್ಮನಿಯಲ್ಲಿ ಅದು ಮಾಲೀಕನ ಸ್ವಂತ ಹಣದಿಂದ ಪ್ರತ್ಯೇಕವಾಗಿ ಬ್ಯಾಂಕಿನಲ್ಲಿರಬೇಕು, ಬಡ್ಡಿ ಬಾಡಿಗೆದಾರನದು. ವಿಜಯನಗರದ ಆ ಎರಡು ಲಕ್ಷಕ್ಕೆ ಬಡ್ಡಿ ಕೇಳಿದವರಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಅದು ಆರು ಟನ್.