ಎಲೆ ಮುಟ್ಟದ ಮರಿಹುಳು

ಹುಳು ಕಂಡೊಡನೆ ಸಿಂಪರಣೆ ಪಂಪನ್ನು ಹೆಗಲಿಗೇರಿಸುವುದು ನಮ್ಮೆಲ್ಲರ ರೂಢಿ. ಪತಂಗದ ಮರಿಹುಳುವೆಂದರೆ ಎಲೆ, ಕಾಯಿ, ಕಾಂಡ ತಿನ್ನುವಂಥದೆಂದೇ ನಮ್ಮ ತಿಳಿವಳಿಕೆ. ಕಾಫಿಯ ಕೆಂಪು ಕಾಂಡಕೊರಕ ಅಂಥದ್ದೇ. ಆದರೆ ಎಲೆಯನ್ನು ಬಿಟ್ಟು, ಎಲೆಗೆ ಅಂಟಿದ ಕೀಟಗಳನ್ನೇ ತಿಂದು ಬದುಕುವ ಮರಿಹುಳುವೂ ಉಂಟು. ಆ ಪತಂಗದ ಹೆಸರು ಡೈಫಾ ಅಫಿಡಿವೊರಾ. ಗಿಡಹೇನು ತಿನ್ನುವುದು ಎಂದೇ ಎರಡನೆಯ ಪದದ ಅರ್ಥ.

2002ರಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆಹೇನು ಮುತ್ತಿತು. ಎಲೆಯ ಅಡಿಯಲ್ಲಿ ಹತ್ತಿ ಹಾಸಿದಂತೆ ಕುಳಿತು ರಸ ಹೀರುವ ಈ ಹೇನು ಸಿಹಿಯಾದ ಅಂಟು ಸುರಿಸುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ಎಲೆಯಡಿಗೆ ಔಷಧ ತಲುಪಿಸುವುದು ಸುಲಭದ ಮಾತಲ್ಲ.

ಆಗ ನೆರವಿಗೆ ಬಂದ ಕೀಟಗಳಲ್ಲಿ ಡೈಫಾ ಮುಖ್ಯವಾದುದು. ಇದರ ಮರಿಹುಳು ಹೇನಿನ ಹಿಂಡಿನ ನಡುವೆಯೇ ನೂಲಿನ ಬಲೆ ನೇಯ್ದು, ಅದರ ಮರೆಯಲ್ಲಿದ್ದು ಹೇನುಗಳನ್ನು ತಿನ್ನುತ್ತದೆ. ಬಲಿತ ಮೇಲೆ ಬಲೆಯಲ್ಲೇ ಕೋಶವಾಗುತ್ತದೆ. ಮೈಕ್ರೊಮಸ್ ಎಂಬ ಕೀಟವೂ ಎನ್‌ಕಾರ್ಸಿಯಾ ಎಂಬ ಅತಿಸಣ್ಣ ಕಣಜವೂ ಹೇನಿನ ಹತೋಟಿಗೆ ಜೊತೆಗೂಡಿದವು. ಸಿಕ್ಕಸಿಕ್ಕಲ್ಲಿ ವಿಷ ಸಿಂಪಡಿಸಿದರೆ ಹೇನಿನೊಡನೆ ಇವೂ ಸಾಯುತ್ತವೆ.

ಕಬ್ಬಿನ ಕಥೆ ನಮಗೇಕೆ ಎನ್ನಬಹುದು. ನಮ್ಮ ತೋಟದಲ್ಲೂ ಇಂಥದೇ ಒಬ್ಬ ನೆಂಟನಿದ್ದಾನೆ. ಬೇಸಿಗೆಯಲ್ಲಿ ಕಾಫಿಗೆ ಹಿಟ್ಟುತಿಗಣೆ ಬಿದ್ದಾಗ ಆ ಬಿಳಿ ಗುಂಪಿನೊಳಗೆ ತಿಗಣೆಗಿಂತ ದೊಡ್ಡದಾದ, ಮೈಗೆ ಹಿಟ್ಟು ಮೆತ್ತಿಕೊಂಡ ಹುಳು ಮೆಲ್ಲನೆ ಹರಿಯುವುದುಂಟು. ಅದು ಸ್ಪಾಲ್ಗಿಸ್ ಎಪಿಯಸ್ ಎಂಬುದರ ಮರಿ. ಪತಂಗವಲ್ಲ, ಚಿಟ್ಟೆ, ಆದರೆ ಇದರ ಮರಿಗೂ ಕೀಟವೇ ಆಹಾರ, ಹಿಟ್ಟುತಿಗಣೆಯೇ ಊಟ. ಇದರ ಕೋಶ ಕೋತಿಯ ಮುಖದಂತಿರುವುದರಿಂದ ಗುರುತು ಹಿಡಿಯುವುದು ಸುಲಭ. ಒಂದು ಬೇಸಿಗೆ ನಾವೇ ಇವನ್ನು ಬಲಿತ ತಿಗಣೆಗಳೆಂದು ಬಗೆದು ಆಳುಗಳಿಂದ ಹೊಸಕಿಸಿದ್ದುಂಟು. ಕೂಲಿ ಕೊಟ್ಟು ನಮ್ಮ ಕಾವಲುಗಾರನನ್ನೇ ಕೊಲ್ಲಿಸಿದಂತಾಯಿತು!

ಆದ್ದರಿಂದ ಸದಸ್ಯ ಬಾಂಧವರು ಔಷಧ ಕಲಸುವ ಮುನ್ನ ಹತ್ತಾರು ಗಿಡಗಳ ತಿಗಣೆ ಗುಂಪನ್ನು ಬಿಡಿಸಿ ನೋಡಬೇಕು. ಈ ಮರಿಗಳು ಕಂಡ ಗಿಡಗಳನ್ನು ಬಿಟ್ಟು, ತಿಗಣೆ ಹೆಚ್ಚಿರುವ ಗಿಡಗಳಿಗಷ್ಟೇ ಸಿಂಪಡಿಸಬೇಕು. ತಿಗಣೆಯನ್ನು ಕಾಯುವ ಇರುವೆಗಳ ಹತೋಟಿಯನ್ನೂ ಮರೆಯಬಾರದು. ಗುರುತು ಸಿಗದಿದ್ದರೆ ರೆಂಬೆಸಮೇತ ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳಿಗೆ ತೋರಿಸಿ ಕೇಳಿದರಾಯಿತು. ಅರ್ಧ ಗಂಟೆಯ ಈ ನೋಟದಿಂದ ಔಷಧದ ಖರ್ಚೂ ಉಳಿದೀತು, ಕೂಲಿಯಿಲ್ಲದೆ ದುಡಿಯುವ ಈ ಆಳೂ ಉಳಿದಾನು.